ಜುಜುತ್ಸುವಿದ್ಯೆಯೂ ಕಾನೊ ಜಿಗೊರೊವಿನ ಆಚಾರ್ಯಕವೂ

ಆಶ್ರಯವು ಅಳಿದ ಮೇಲೆ ವಿದ್ಯೆಯ ಗತಿಯೇನೆಂಬುದು ಎಲ್ಲ ದೇಶಗಳ ವಿದ್ವಾಂಸರನ್ನೂ ಒಂದಲ್ಲ ಒಂದು ಕಾಲದಲ್ಲಿ ಕಾಡಿದ ಪ್ರಶ್ನೆಯಾಗಿದೆ. ಅರಸನ ಉಂಬಳಿಯಿಂದಲೋ ದೇವಸ್ಥಾನದ ದತ್ತಿಯಿಂದಲೋ ನಡೆದುಬಂದ ವಿದ್ಯೆಯು ಆ ಆಧಾರವು ಕುಸಿದೊಡನೆ ಮೂರು ಹಾದಿಗಳಲ್ಲಿ ಒಂದನ್ನು ಹಿಡಿಯುವುದು ಕಂಡುಬರುತ್ತದೆ. ಕೆಲವು ಮನೆತನಗಳ ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಗ್ರಂಥವಾಗಿ ಅದು ಉಳಿಯಬಹುದು. ಹೊಟ್ಟೆಯ ಪಾಡಿಗಾಗಿ ಬೀದಿಯ ಪ್ರದರ್ಶನವಾಗಿ ಇಳಿಯಬಹುದು. ಅಥವಾ ಸಮರ್ಥನಾದ ಆಚಾರ್ಯನೊಬ್ಬನು ದೊರೆತಲ್ಲಿ, ಹೊಸ ಕಾಲದ ಪಾಠಶಾಲೆಯನ್ನು ಹೊಕ್ಕು ಹೊಸ ಬಾಳನ್ನು ಪಡೆಯಬಹುದು. ಜಪಾನ್ ದೇಶದ ಜುಜುತ್ಸು ಎಂಬ ಬಾಹುಯುದ್ಧವಿದ್ಯೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಮೂರು ಗತಿಗಳೂ ಏಕಕಾಲದಲ್ಲಿ ಒದಗಿದುವು. ಮೂರನೆಯ ಗತಿಯು ಒದಗಿದುದು ಕಾನೊ ಜಿಗೊರೊ ಎಂಬ ಒಬ್ಬ ಶಿಕ್ಷಕನ ಅರುವತ್ತು ವರ್ಷಗಳ ಅಭ್ಯಾಸ ಮತ್ತು ಬೋಧನೆಗಳಿಂದ. ಈತನು ಗುರುಗಳಿಂದ ಪಡೆದುದೇನು, ತಾನು ಕೂಡಿಸಿದುದೇನು, ಈ ವ್ಯಾಪಾರದಲ್ಲಿ ಲಾಭವೆಷ್ಟು ನಷ್ಟವೆಷ್ಟು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ಅರ್ಥವನ್ನು ತಿಳಿಯುವುದು ಉಚಿತ. ಜಪಾನೀ ಭಾಷೆಯಲ್ಲಿ ‘ಜೂ’ ಎಂದರೆ ಮೃದುವಾದುದು, ಮಣಿಯುವಂಥದು. ‘ಜುತ್ಸು’ ಎಂದರೆ ಕಲೆ, ಪ್ರಯೋಗಕೌಶಲ. ಆದುದರಿಂದ ಜುಜುತ್ಸು ಎಂದರೆ ಮೃದುತ್ವದ ಕಲೆ ಎಂದಾಗುವುದು. ಇಲ್ಲಿ ಮೃದುತ್ವವೆಂದರೆ ದೌರ್ಬಲ್ಯವಲ್ಲ. ಎದುರಾಳಿಯ ಬಲಕ್ಕೆ ಎದುರುನಿಲ್ಲದೆ, ಅದಕ್ಕೆ ಎಡೆಗೊಟ್ಟು, ಆ ಬಲದಿಂದಲೇ ಅವನನ್ನು ಕೆಡಹುವ ಜಾಣ್ಮೆ. ಸಂಸ್ಕೃತಜ್ಞರಿಗೆ ವೈತಸೀ ವೃತ್ತಿಯೆಂಬ ಮಾತು ಪರಿಚಿತವಾದುದು. ನೆರೆಗೆ ಬಾಗಿ ನೆರೆಯಿಳಿದ ಮೇಲೆ ತಲೆಯೆತ್ತುವ ಬೆತ್ತದ ನಡತೆಯದು. ಜಪಾನೀಯರಿಗೂ ಇದೇ ಬಗೆಯ ಸಾದೃಶ್ಯವು ಹೊಳೆದಿತ್ತೆಂಬುದು ಅವರ ಒಂದು ಪರಂಪರೆಯ ಹೆಸರಿನಿಂದಲೇ ತಿಳಿಯುತ್ತದೆ. ‘ಯೊಷಿನ್’ ಎಂದರೆ ವಿಲ್ಲೋ ಮರದ ಹೃದಯವುಳ್ಳದ್ದು ಎಂದರ್ಥ. ಹಿಮದ ಭಾರಕ್ಕೆ ಗಟ್ಟಿಮರದ ಕೊಂಬೆಯು ಮುರಿಯುವಲ್ಲಿ ಆ ಮರದ ರೆಂಬೆಯು ಬಾಗಿ ಹಿಮವನ್ನು ಕೆಳಕ್ಕೆ ಜಾರಿಸುತ್ತದೆಂಬುದು ಇದರ ತಾತ್ಪರ್ಯ.

ಸಮುರಾಯಿಗಳೆಂಬ ಕ್ಷತ್ರಿಯವರ್ಗದ ಆಶ್ರಯದಲ್ಲಿ ಈ ವಿದ್ಯೆಯು ಹಲವು ‘ರ್‍ಯೂ’ಗಳಾಗಿ, ಎಂದರೆ ಪರಂಪರೆಗಳಾಗಿ, ಕವಲೊಡೆದಿತ್ತು. ಪ್ರತಿಯೊಂದು ಪರಂಪರೆಗೂ ಮೂಲಪುರುಷನೊಬ್ಬನಿದ್ದನು. ಶಿಷ್ಯನು ಪ್ರತಿಜ್ಞೆಮಾಡಿ ಪ್ರವೇಶಿಸುತ್ತಿದ್ದನು. ಪ್ರಯೋಗಗಳ ಪಟ್ಟಿಯನ್ನು ಸುರುಳಿಗಳಲ್ಲಿ ಬರೆದಿಟ್ಟು, ಯೋಗ್ಯನೆಂದು ಕಂಡವನಿಗೆ ಮಾತ್ರ ಗುರುವು ಅವುಗಳನ್ನು ಒಪ್ಪಿಸುತ್ತಿದ್ದನು. ಸುರುಳಿಯಲ್ಲಿ ಪ್ರಯೋಗದ ಹೆಸರು ಮಾತ್ರವಿದ್ದು, ಅದರ ಮರ್ಮವು ಗುರುವಿನ ದೇಹದಲ್ಲಿಯೇ ಇರುತ್ತಿದ್ದುದರಿಂದ, ಗುರುವಿಲ್ಲದೆ ಗ್ರಂಥವು ಮೂಕವಾಗಿತ್ತು.

ಕ್ರಿ. ಶ. 1868ರ ರಾಜ್ಯಕ್ರಾಂತಿಯಿಂದ ತೊಕುಗಾವ ಷೋಗುನರ ಪ್ರಭುತ್ವವು ಕೊನೆಗಂಡು ಮೇಯಿಜಿ ಚಕ್ರವರ್ತಿಯ ಆಳ್ವಿಕೆಯು ಮೊದಲಾಯಿತು. 1871ರಲ್ಲಿ ಸಾಮಂತರ ಸಂಸ್ಥಾನಗಳನ್ನು ರದ್ದುಪಡಿಸಿದರು. 1876ರಲ್ಲಿ ಸಮುರಾಯಿಗಳು ಕತ್ತಿಯನ್ನು ಧರಿಸಿ ನಡೆಯುವುದನ್ನು ನಿಷೇಧಿಸಿದರು. ಪಾಶ್ಚಾತ್ಯವಿದ್ಯೆಗಳ ಮೋಹದಲ್ಲಿ ಹಳೆಯದೆಲ್ಲವೂ ಹೇಯವೆನಿಸಿತು. ಸಂಸ್ಥಾನಗಳಲ್ಲಿ ವರ್ಷಾಶನವನ್ನು ಪಡೆದು ಪಾಠಹೇಳುತ್ತಿದ್ದ ಆಚಾರ್ಯರು ದಿಕ್ಕುಗೆಟ್ಟರು. ಕೆಲವರು ಹಣಕ್ಕಾಗಿ ಜನರ ಮುಂದೆ ಪಂದ್ಯಗಳನ್ನಾಡಿದರು. ಹಲವರು ಮೂಳೆಕಟ್ಟುವ ವೃತ್ತಿಯನ್ನು ಹಿಡಿದರು. ಕೀಲು ತಪ್ಪಿಸುವುದನ್ನು ಬಲ್ಲವನಿಗೆ ಕೀಲು ಕೂಡಿಸುವುದೂ ತಿಳಿದಿರುವುದು ಸಹಜವಷ್ಟೆ.

ಇಂತಹ ಕಾಲದಲ್ಲಿ ಬೆಳೆದ ಕಾನೊ ಜಿಗೊರೊ 1860ರಲ್ಲಿ, ಈಗ ಕೋಬೆ ಪಟ್ಟಣಕ್ಕೆ ಸೇರಿರುವ ಮಿಕಾಗೆ ಎಂಬ ಊರಿನಲ್ಲಿ ಜನಿಸಿದನು. ಅದು ಅಕ್ಕಿಯ ಮದ್ಯವನ್ನು ತಯಾರಿಸುವುದಕ್ಕೆ ಹೆಸರಾದ ಊರು. ಈತನ ಬಂಧುಗಳೂ ಆ ವ್ಯಾಪಾರದವರೇ. ತಂದೆಯು ಷೋಗುನರ ಸರ್ಕಾರಕ್ಕೆ ಹಡಗಿನ ಸಾಗಣೆಯ ಕೆಲಸದಲ್ಲಿ ನೆರವಾಗುತ್ತಿದ್ದನು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಹುಡುಗನು ತಂದೆಯೊಡನೆ ಟೋಕಿಯೋ ನಗರಕ್ಕೆ ಬಂದು, ಚೀನೀ ಶಾಸ್ತ್ರಗ್ರಂಥಗಳನ್ನೂ ಇಂಗ್ಲಿಷನ್ನೂ ಅಭ್ಯಾಸಮಾಡಿದನು. ಪಾಠದಲ್ಲಿ ಮುಂದಾಗಿದ್ದರೂ ದೇಹದಲ್ಲಿ ಬಹಳ ಸಣ್ಣವನಾಗಿದ್ದುದರಿಂದ ವಿದ್ಯಾರ್ಥಿನಿಲಯದ ಬಲಿಷ್ಠರ ಕೈಯಲ್ಲಿ ಪೆಟ್ಟುತಿನ್ನುವುದು ತಪ್ಪಲಿಲ್ಲ. ಜುಜುತ್ಸು ಎಂಬ ವಿದ್ಯೆಯೊಂದುಂಟು, ಅದರಿಂದ ಅಲ್ಪಬಲನೂ ಬಲಿಷ್ಠನನ್ನು ಗೆಲ್ಲಬಹುದು ಎಂಬುದನ್ನು ಕೇಳಿ, ಅದನ್ನು ಕಲಿಯಬೇಕೆಂದು ಹಂಬಲಿಸಿದನು. ಅದು ಈ ಕಾಲಕ್ಕೆ ಬೇಡವಾದ ವಿದ್ಯೆಯೆಂದು ಹಿರಿಯರು ತಡೆದರು. ಕಲಿಸುವವರಾದರೂ ಸುಲಭವಾಗಿ ದೊರೆಯಲಿಲ್ಲ. ಕಡೆಗೆ 1877ರಲ್ಲಿ, ವಿಶ್ವವಿದ್ಯಾನಿಲಯವನ್ನು ಸೇರಿದ ವರ್ಷ, ಮೂಳೆಕಟ್ಟುವವರನ್ನು ವಿಚಾರಿಸುತ್ತ ಹೋಗಿ, ಅಂತಹ ಒಬ್ಬನ ಮೂಲಕ ಫುಕುದ ಹಾಚಿನೊಸುಕೆ ಎಂಬ ಗುರುವನ್ನು ಕಂಡುಕೊಂಡನು. ಅಳಿವಿನಂಚಿನ ವಿದ್ಯೆಯ ಬಾಗಿಲನ್ನು ವೈದ್ಯನ ಅಂಗಡಿಯಲ್ಲಿ ಹುಡುಕಬೇಕಾಯಿತೆಂಬುದೇ ಆ ಕಾಲದ ಸ್ಥಿತಿಗೆ ಸಾಕ್ಷಿ.

ಫುಕುದನು ತೆಂಜಿನ್ ಷಿನ್ಯೊ ಎಂಬ ಪರಂಪರೆಯವನು. ಹಿಂದೆ ಷೋಗುನರ ಯುದ್ಧವಿದ್ಯಾಶಾಲೆಯಲ್ಲಿ ಬೋಧಿಸಿದವನು. ಈಗ ಮೂಳೆಕಟ್ಟುತ್ತ, ಮನೆಯ ಒಂದು ಸಣ್ಣ ಕೊಠಡಿಯಲ್ಲಿ ಕೈಬೆರಳೆಣಿಕೆಯ ಶಿಷ್ಯರಿಗೆ ಪಾಠಹೇಳುತ್ತಿದ್ದನು. ಆ ಪಾಠಕ್ರಮದ ಒಂದು ಪ್ರಸಂಗವನ್ನು ಕಾನೊ ತನ್ನ ಮುಪ್ಪಿನವರೆಗೂ ನೆನೆಯುತ್ತಿದ್ದನು. ಒಂದು ದಿನ ಗುರುವು ಒಂದು ಪ್ರಯೋಗದಿಂದ ಈತನನ್ನು ಕೆಡಹಲು, ಕೈಯನ್ನು ಹೇಗಿಡಬೇಕು, ಕಾಲನ್ನು ಎಲ್ಲಿಡಬೇಕು ಎಂದು ಈತನು ಕೇಳಿದನು. ಬಾ ಎಂದು ಕರೆದು ಗುರುವು ಮತ್ತೆ ಕೆಡಹಿದನು. ಎದ್ದುಬಂದು ಮತ್ತೆ ಕೇಳಿದುದಕ್ಕೆ ಮತ್ತೆ ಕೆಡಹಿದನು. ಕೇಳಿ ತಿಳಿಯುವಂಥದು ಇದರಲ್ಲಿಲ್ಲ, ಎಣಿಕೆಯಿಲ್ಲದಷ್ಟು ಸಲ ಬಿದ್ದಮೇಲೆ ತಾನಾಗಿಯೇ ತಿಳಿಯುತ್ತದೆ ಎಂಬುದು ಆತನ ಅಭಿಪ್ರಾಯ. ಈ ಕ್ರಮವನ್ನು ಅಲ್ಲಗಳೆಯುವುದು ಸುಲಭ. ಆದರೆ ಸಂಥೆಯನ್ನು ಸಾವಿರ ಸಲ ಉರುಹೊಡೆದ ಮೇಲೆಯೇ ಅರ್ಥಕ್ಕೆ ಕೈಹಾಕುತ್ತಿದ್ದ ನಮ್ಮ ಪಾಠಶಾಲೆಗಳ ಪದ್ಧತಿಯನ್ನು ಬಲ್ಲವರಿಗೆ ಅದರ ಗುಣವೂ ತಿಳಿದಿರುತ್ತದೆ. ಮೊದಲು ವಿದ್ಯೆಯು ಮೈಗೂಡಬೇಕು. ಮೈಗೂಡದುದಕ್ಕೆ ಕಾರಣವನ್ನು ಹೇಳಿದರೆ ಅದು ಬಾಯಿಮಾತಾಗಿ ನಿಲ್ಲುತ್ತದೆ. ಕಾನೊವಿನ ವೈಶಿಷ್ಟ್ಯವೇನೆಂದರೆ, ಈತನು ಬೀಳುವುದನ್ನೂ ಬಿಡಲಿಲ್ಲ, ಕೇಳುವುದನ್ನೂ ಬಿಡಲಿಲ್ಲ.

ಕೇಳಿದುದಕ್ಕೆ ಉತ್ತರವು ದೊರೆಯದಿದ್ದಲ್ಲಿ ಈತನು ಗ್ರಂಥಗಳನ್ನು ಆಶ್ರಯಿಸಿದನು. ಅದೇ ಶಾಲೆಯಲ್ಲಿ ಫುಕುಷಿಮ ಎಂಬ ಸ್ಥೂಲಕಾಯನಾದ ಹಿರಿಯ ಶಿಷ್ಯನಿದ್ದನು. ಈತನು ಏನು ಮಾಡಿದರೂ ಅವನನ್ನು ಕೆಡಹಲಾಗಲಿಲ್ಲ. ಸೂಮೊ ಮಲ್ಲರ ಪಟ್ಟುಗಳನ್ನು ವಿಚಾರಿಸಿದನು. ಅದರಿಂದ ಫಲವಾಗದಿರಲು ಪುಸ್ತಕಾಲಯಕ್ಕೆ ಹೋಗಿ ಪಾಶ್ಚಾತ್ಯ ಮಲ್ಲವಿದ್ಯೆಯ ಗ್ರಂಥಗಳನ್ನು ಶೋಧಿಸಿದನು. ಎದುರಾಳಿಯ ಕೆಳಗೆ ನುಗ್ಗಿ ಅವನನ್ನು ಹೆಗಲ ಮೇಲೇರಿಸಿ ತಿರುಗಿಸಿ ಕೆಡಹುವ ಒಂದು ಪ್ರಯೋಗವನ್ನು ಹೀಗೆ ರೂಪಿಸಿ, ಅದರಿಂದ ಅವನನ್ನು ಬೀಳಿಸಿದನು. ‘ಹೆಗಲಚಕ್ರ’ವೆಂಬ ಅರ್ಥದ ‘ಕಾತಾಗುರುಮ’ ಎಂಬ ಹೆಸರಿನಿಂದ ಅದು ಇಂದಿಗೂ ಪಾಠದಲ್ಲಿದೆ. ತನ್ನ ಪರಂಪರೆಯ ಹೊರಗಿನದನ್ನು ಮುಟ್ಟಬಾರದೆಂಬ ನಿಯಮವನ್ನು ಈತನು ಎಂದೂ ಒಪ್ಪಲಿಲ್ಲವೆಂಬುದಕ್ಕೆ ಇದು ಮೊದಲ ನಿದರ್ಶನ. ಆ ದಿನಗಳಲ್ಲಿ ಮೈತುಂಬ ಗಾಯಗಳಾಗಿ, ಹಚ್ಚಿದ ಲೇಪದ ವಾಸನೆಯಿಂದಲೇ ಸಹಪಾಠಿಗಳು ಈತನನ್ನು ಗುರುತಿಸುತ್ತಿದ್ದರಂತೆ. ಅಂದು ತೊಟ್ಟ, ಹರಿದು ಚಿಂದಿಯಾದ ಅಭ್ಯಾಸದ ಅಂಗಿಯು ಟೋಕಿಯೋ ನಗರದ ಕೊಡೊಕಾನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

1879ರ ಆಗಸ್ಟ್ ತಿಂಗಳಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾಗಿದ್ದ ಗ್ರಾಂಟನು ಜಪಾನಿಗೆ ಬಂದಾಗ, ಷಿಬುಸಾವ ಎಯಿಚಿ ಎಂಬ ವಣಿಗ್ವರನ ಮನೆಯಲ್ಲಿ ಜುಜುತ್ಸುವಿನ ಪ್ರದರ್ಶನವು ನಡೆಯಿತು. ಫುಕುದನೂ ಆತನ ಶಿಷ್ಯನಾದ ಕಾನೊವೂ ಅದರಲ್ಲಿ ಭಾಗವಹಿಸಿದರು. ಅದೇ ತಿಂಗಳಲ್ಲಿ ಫುಕುದನು ತೀರಿಕೊಂಡನು. ಪರಂಪರೆಯ ಸುರುಳಿಗಳನ್ನು ಆತನ ಮನೆಯವರು ಹತ್ತೊಂಬತ್ತು ವರ್ಷ ತುಂಬದ ಈ ವಿದ್ಯಾರ್ಥಿಗೇ ಒಪ್ಪಿಸಿದರು. ಆದರೆ ತನ್ನ ವಿದ್ಯೆಯು ಇನ್ನೂ ಅಪಕ್ವವೆಂದು ಬಗೆದು ಈತನು ಅದೇ ಪರಂಪರೆಯ ಇಸೊ ಮಾಸಾತೊಮೊವಿನ ಬಳಿಗೆ ಹೋದನು. ಇಸೊ ‘ಕಾತ’ಗಳಲ್ಲಿ, ಎಂದರೆ ಇಬ್ಬರು ಕೂಡಿ ನಿಯತವಾದ ಕ್ರಮದಲ್ಲಿ ಮಾಡುವ ಪ್ರಯೋಗಗಳಲ್ಲಿ, ಪ್ರಸಿದ್ಧನಾಗಿದ್ದನು. 1881ರಲ್ಲಿ ಆತನೂ ಕಾಲವಾದನು. ಬಳಿಕ ಕಿತೊ ಪರಂಪರೆಯ ಈಕುಬೊ ತ್ಸುನೆತೊಷಿಯು ಈತನಿಗೆ ಮೂರನೆಯ ಗುರುವಾದನು. ತೆಂಜಿನ್ ಷಿನ್ಯೊ ಪರಂಪರೆಯಲ್ಲಿ ಹೊಡೆತ, ಕತ್ತುಹಿಸುಕುವಿಕೆ, ಅದುಮಿ ಹಿಡಿಯುವಿಕೆಗಳು ಪ್ರಧಾನ. ಕಿತೊ ಪರಂಪರೆಯಲ್ಲಿ ಎತ್ತಿ ಕೆಡಹುವುದು ಪ್ರಧಾನ. ಒಂದರ ಕೊರತೆಯನ್ನು ಇನ್ನೊಂದು ತುಂಬಿದುದರಿಂದ, ಎರಡನ್ನೂ ಬಲ್ಲವನಿಗೆ ಎರಡಕ್ಕೂ ಸಾಮಾನ್ಯವಾದ ತತ್ತ್ವವೇನೆಂಬ ಜಿಜ್ಞಾಸೆಯು ಹುಟ್ಟಿತು. ಒಬ್ಬನೇ ಗುರುವಿನ ಶಿಷ್ಯನಿಗೆ ಈ ಪ್ರಶ್ನೆಯು ಹುಟ್ಟುವ ಸಂಭವವು ಕಡಮೆ.

1882ರ ಮೇ ತಿಂಗಳಲ್ಲಿ, ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದ ಮರುವರ್ಷ, ಟೋಕಿಯೋ ನಗರದ ಏಷೊಜಿ ಎಂಬ ಬೌದ್ಧದೇವಾಲಯದಲ್ಲಿ ಕೊಠಡಿಗಳನ್ನು ಬಾಡಿಗೆಗೆ ಹಿಡಿದು ಕಾನೊ ತನ್ನ ಶಾಲೆಯನ್ನು ತೆರೆದನು. ಆಗ ಈತನಿಗೆ ಇಪ್ಪತ್ತೊಂದು ವರ್ಷ. ಶಾಲೆಯ ವಿಸ್ತಾರ ಹನ್ನೆರಡು ಚಾಪೆ. ಮೊದಲ ವರ್ಷ ಸೇರಿದವರು ಒಂಬತ್ತು ಮಂದಿ. ಅವರಲ್ಲಿ ತೊಮಿತ ತ್ಸುನೆಜಿರೊ, ಸೈಗೊ ಷಿರೊ ಎಂಬವರು ಮುಂದೆ ಪ್ರಸಿದ್ಧರಾದರು. ಬೀಳುವವರ ಹೊಡೆತಕ್ಕೆ ನೆಲದ ಹಲಗೆಗಳೂ ತೊಲೆಗಳೂ ಮುರಿಯುತ್ತಿದ್ದುವು. ಗುರುವೇ ರಾತ್ರಿಯಲ್ಲಿ ದೀಪಹಿಡಿದು ನೆಲದಡಿಗೆ ನುಸುಳಿ ಅವುಗಳನ್ನು ಸರಿಪಡಿಸುತ್ತಿದ್ದನು. ಈಕುಬೊ ವಾರಕ್ಕೆ ಎರಡು ಮೂರು ಸಲ ಅಲ್ಲಿಗೆ ಬಂದು ಪಾಠಹೇಳುತ್ತಿದ್ದನು. ಶಿಷ್ಯನು ಆಚಾರ್ಯಪೀಠವನ್ನು ಏರಿದ ಮೇಲೂ ಅದೇ ಶಾಲೆಯಲ್ಲಿ ತನ್ನ ಗುರುವಿನ ಕೈಯಲ್ಲಿ ಕೆಳಗೆ ಬೀಳುತ್ತಿದ್ದನೆಂಬುದು ಗಮನಾರ್ಹ.

ಶಾಲೆಗೆ ಕೊಡೊಕಾನ್ ಎಂದೂ ವಿದ್ಯೆಗೆ ಜುಡೋ ಎಂದೂ ಈತನು ಹೆಸರಿಟ್ಟನು. ‘ಡೋ’ ಎಂದರೆ ಮಾರ್ಗ. ಕೊಡೊಕಾನ್ ಎಂದರೆ ಮಾರ್ಗವನ್ನು ವ್ಯಾಖ್ಯಾನಿಸುವ ಮಂದಿರ. ಜುಡೋ ಎಂಬ ಶಬ್ದವು ಈತನ ಸೃಷ್ಟಿಯಲ್ಲ. ಹಿಂದೆ ಜಿಕಿಷಿನ್ ಪರಂಪರೆಯವರು ಅದನ್ನು ಬಳಸಿದ್ದರು. ಪ್ರಯೋಗವೆಂಬ ಪದವನ್ನು ತೆಗೆದು ಮಾರ್ಗವೆಂಬ ಪದವನ್ನು ಇರಿಸಿದುದಕ್ಕೆ ಕಾರಣಗಳೆರಡು. ಜುಜುತ್ಸು ಎಂದೊಡನೆ ಜನರಿಗೆ ಪುಂಡರ ಹೊಡೆದಾಟವೂ ಹಣದ ಪಂದ್ಯಗಳೂ ನೆನಪಾಗುತ್ತಿದ್ದುದು ಒಂದು. ಪ್ರಯೋಗಗಳು ಶಾಖೆಗಳು, ತತ್ತ್ವವು ಬುಡ ಎಂಬುದನ್ನು ಹೆಸರಿನಲ್ಲಿಯೇ ಸೂಚಿಸಬೇಕೆಂಬ ಅಪೇಕ್ಷೆ ಇನ್ನೊಂದು. ಹಾಗಿದ್ದರೂ ವಿದ್ಯೆಯ ಹೆಸರಿನಲ್ಲಿ ‘ಜೂ’ ಎಂಬ ಮೊದಲ ಅಕ್ಷರವನ್ನು ಈತನು ಬಿಡಲಿಲ್ಲ. ಗುರುಗಳಿಂದ ಬಂದುದನ್ನು ಬಿಡಬಾರದೆಂಬುದೇ ಇದರ ಕಾರಣವೆಂದು ಈತನೇ ತಿಳಿಸಿರುವನು.

ಆ ತತ್ತ್ವವು ಈತನಿಗೆ ಸ್ಪಷ್ಟವಾದುದು ಯಾವಾಗ? ಕಿತೊ ಪರಂಪರೆಯ ಅನುಜ್ಞಾಪತ್ರವನ್ನು ಈಕುಬೊ ಈತನಿಗೆ ಕೊಟ್ಟುದು 1883ರಲ್ಲಿ. ಆದರೆ ಈತನ ಸ್ವಂತ ಸ್ಮರಣೆಯಂತೆ, ನಿಜವಾದ ಅರಿವು ಉಂಟಾದುದು 1885ರ ಸುಮಾರಿನಲ್ಲಿ. ಪತ್ರವು ಮೊದಲು, ಪ್ರಬೋಧವು ಆಮೇಲೆ. ಒಂದು ದಿನ ಅಭ್ಯಾಸಮಾಡುತ್ತಿರುವಾಗ, ಎಂದೂ ಸೋಲದ ಗುರುವು ಈತನ ಕೈಯಲ್ಲಿ ಮತ್ತೆ ಮತ್ತೆ ಬಿದ್ದನು. ಗುರುವಿನ ಪ್ರಯೋಗಗಳು ಮಾತ್ರ ಈತನ ಮೇಲೆ ನಡೆಯಲಿಲ್ಲ. ಆಶ್ಚರ್ಯಗೊಂಡ ಗುರುವು ಕಾರಣವನ್ನು ಕೇಳಲು, ಕೆಡಹುವುದಕ್ಕೆ ಮೊದಲು ಎದುರಾಳಿಯ ನಿಲುವಿನ ತೂಕವನ್ನು ತಪ್ಪಿಸಬೇಕೆಂಬುದನ್ನು ತಾನು ಅರಿತುದಾಗಿ ಶಿಷ್ಯನು ವಿವರಿಸಿದನು. ಅದು ನಿಜವೆಂದು ಗುರುವು ಒಪ್ಪಿ, ಇನ್ನು ತಾನು ಕಲಿಸಬೇಕಾದುದು ಉಳಿದಿಲ್ಲವೆಂದು ಹೇಳಿ, ಪರಂಪರೆಯ ಗ್ರಂಥಗಳನ್ನು ಈತನಿಗೆ ಒಪ್ಪಿಸಿದನು. ಮೊದಲ ಗುರುವು ಪ್ರಶ್ನೆಯನ್ನು ಕೇಳಿದ ಶಿಷ್ಯನನ್ನು ಕೆಡಹಿದನು. ಕಡೆಯ ಗುರುವು ತಾನೇ ಬಿದ್ದು ಪ್ರಶ್ನೆಯನ್ನು ಕೇಳಿದನು. ಇವೆರಡು ಘಟನೆಗಳ ನಡುವಣ ಎಂಟು ವರ್ಷಗಳೇ ಈ ವಿದ್ಯೆಯ ಇತಿಹಾಸದಲ್ಲಿ ಸಂಧಿಕಾಲ.

ಈ ಅರಿವನ್ನು ಕಾನೊ ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದನು. ಎದುರಾಳಿಯ ಸ್ಥಿತಿಯನ್ನು ಕೆಡಿಸುವುದು ‘ಕುಜುಷಿ’. ಪ್ರಯೋಗಕ್ಕೆ ತಕ್ಕಂತೆ ತನ್ನನ್ನೂ ಅವನನ್ನೂ ಹೊಂದಿಸಿಕೊಳ್ಳುವುದು ‘ತ್ಸುಕುರಿ’. ಆಮೇಲೆ ಕೆಡಹುವುದು ‘ಕಾಕೆ’. ಇವುಗಳನ್ನು ಕ್ರಮವಾಗಿ ಭಂಗ, ಸಂಧಾನ, ಪ್ರಯೋಗ ಎನ್ನಬಹುದು. ಮೃದುತ್ವದ ತತ್ತ್ವವನ್ನು ಈತನು ಲೆಕ್ಕದ ರೂಪದಲ್ಲಿ ತಿಳಿಸುತ್ತಿದ್ದನು. ಎದುರಾಳಿಯ ಬಲವು ಹತ್ತು, ತನ್ನ ಬಲವು ಏಳು ಎಂದಿಟ್ಟುಕೊಂಡರೆ, ಅವನು ತಳ್ಳುವಾಗ ಎದುರುನಿಂತವನು ಸೋಲಲೇಬೇಕು. ಎದುರುನಿಲ್ಲದೆ ಅವನು ತಳ್ಳಿದಷ್ಟು ಹಿಂದಕ್ಕೆ ಸರಿದರೆ ಅವನು ಮುಂದಕ್ಕೆ ಜೋಲಿಹೊಡೆದು, ಅವನ ಬಲವು ಮೂರಕ್ಕೆ ಇಳಿಯುತ್ತದೆ; ಸರಿದವನ ಏಳು ಏಳಾಗಿಯೇ ಉಳಿಯುತ್ತದೆ; ಅದರ ಅರ್ಧದಿಂದಲೇ ಗೆಲ್ಲಬಹುದು. ಆದರೆ ಮಣಿಯುವಿಕೆಯೊಂದೇ ಎಲ್ಲಕ್ಕೂ ಸಾಲದೆಂಬುದನ್ನೂ ಈತನು ಮುಂದೆ ಕಂಡುಕೊಂಡನು. ಹಿಂದಿನಿಂದ ಒಬ್ಬನು ಬಾಚಿ ಹಿಡಿದಾಗ ಮಣಿಯುವುದಕ್ಕೆ ಎಡೆಯೆಲ್ಲಿದೆ? ಆದುದರಿಂದ ದೇಹ ಮನಸ್ಸುಗಳ ಬಲವನ್ನು ಅತ್ಯಂತ ಸಾರ್ಥಕವಾಗಿ ವಿನಿಯೋಗಿಸುವುದೆಂಬ ವ್ಯಾಪಕವಾದ ಸೂತ್ರವನ್ನು ರಚಿಸಿ, ಮೃದುತ್ವವು ಅದರ ಒಂದು ಅಂಗವೆಂದು ಸಾರಿದನು. 1922ರಲ್ಲಿ ಕೊಡೊಕಾನಿನ ಸಂಸ್ಕೃತಿಸಂಘವನ್ನು ಸ್ಥಾಪಿಸಿದಾಗ, ತಾನೂ ಪರನೂ ಕೂಡಿ ಏಳಿಗೆ ಹೊಂದಬೇಕೆಂಬ ಇನ್ನೊಂದು ಸೂತ್ರವನ್ನು ಇದರೊಡನೆ ಸೇರಿಸಿದನು. ಇಬ್ಬರಿಲ್ಲದೆ ಅಭ್ಯಾಸವೇ ನಡೆಯದ ವಿದ್ಯೆಯಲ್ಲಿ ಇದು ಮೇಲಿನಿಂದ ಹೇರಿದ ಉಪದೇಶವಲ್ಲ. ಬೀಳುವವನು ಕ್ಷೇಮವಾಗಿ ಬೀಳದಿದ್ದರೆ ನಾಳೆ ಕೆಡಹುವವನಿಗೆ ಅಭ್ಯಾಸವಿಲ್ಲ.

ಈತನ ಪಾಠಕ್ರಮವು ಸಾಹಿತ್ಯವನ್ನು ಬೋಧಿಸುವವರಿಗೂ ವಿಚಾರಾರ್ಹವಾದುದು. ಅದರಲ್ಲಿ ಅಂಗಗಳು ನಾಲ್ಕು: ನಿಯತಕ್ರಮದ ‘ಕಾತ’, ಸ್ವತಂತ್ರವಾಗಿ ಸೆಣಸುವ ‘ರಂದೊರಿ’, ಉಪನ್ಯಾಸ, ಪ್ರಶ್ನೋತ್ತರ. ಕಾತವು ವ್ಯಾಕರಣದಂತೆ, ರಂದೊರಿಯು ಪ್ರಬಂಧರಚನೆಯಂತೆ ಎಂದು ಈತನು ಹೋಲಿಸುತ್ತಿದ್ದನು. ಬರಿಯ ವ್ಯಾಕರಣದಿಂದ ಕವಿಯಾಗುವುದಿಲ್ಲ. ವ್ಯಾಕರಣವಿಲ್ಲದೆ ಬರೆದುದು ನಿಲ್ಲುವುದಿಲ್ಲ. ಶಿಷ್ಯರು ಕಡಮೆಯಾಗಿದ್ದಾಗ ರಂದೊರಿಯ ನಡುನಡುವೆ ಕಾತವನ್ನು ಸೇರಿಸಿ ತಾನೇ ತಿದ್ದುತ್ತಿದ್ದನು. ಅವರು ಹೆಚ್ಚಿದ ಮೇಲೆ ಅದು ಸಾಧ್ಯವಾಗದೆ, ಕಾತಗಳನ್ನು ಬೇರೆಯಾಗಿ ರಚಿಸಿ ಕಲಿಸಬೇಕಾಯಿತು. ಪ್ರಾಣಾಪಾಯದ ಹೊಡೆತಗಳನ್ನು ಕಾತಗಳಲ್ಲಿ ಮಾತ್ರ ಉಳಿಸಿ ರಂದೊರಿಯಿಂದ ತೆಗೆದುದರಿಂದ, ಶಿಷ್ಯರು ಪೂರ್ಣಬಲದಿಂದ ಸೆಣಸುವುದಕ್ಕೆ ಅವಕಾಶವಾಯಿತು. ಗುರುವು ಒಮ್ಮೆಗೇ ಅನುಗ್ರಹಿಸುವ ಅನುಜ್ಞೆಗೆ ಪ್ರತಿಯಾಗಿ, ‘ದಾನ್’ ಎಂಬ ತರಗತಿಗಳನ್ನು ಏರ್ಪಡಿಸಿದನು. ಅವುಗಳಲ್ಲಿ ಮೊದಲನೆಯದನ್ನು ತೊಮಿತ, ಸೈಗೊ ಇಬ್ಬರಿಗೂ ಕೊಟ್ಟನು.

ಇಂತಹ ಶಿಕ್ಷಣದ ಫಲವು 1886ರ ಸುಮಾರಿನಲ್ಲಿ ಜನರಿಗೆ ಗೋಚರವಾಯಿತು. ರಾಜಧಾನಿಯ ಪೊಲೀಸ್ ಇಲಾಖೆಯವರು ನಡೆಯಿಸಿದ ಪಂದ್ಯಗಳಲ್ಲಿ ಕೊಡೊಕಾನಿನ ತರುಣರು, ಆಗ ಅಗ್ರಗಣ್ಯವೆನಿಸಿದ್ದ ಯೊಷಿನ್ ಪರಂಪರೆಯ ತೊತ್ಸುಕನ ಶಿಷ್ಯರನ್ನು ಎದುರಿಸಿ ಕೀರ್ತಿಗಳಿಸಿದರು. ಆದರೆ ಕಾನೊ ಆಖಾಡದ ಆಚಾರ್ಯನಷ್ಟೇ ಅಲ್ಲ. ವೃತ್ತಿಯಿಂದ ಈತನು ಶಾಲಾಶಿಕ್ಷಕ. 1882ರಿಂದಲೇ ಶ್ರೀಮಂತರ ಮಕ್ಕಳ ಗಾಕುಷುಯಿನ್ ವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದನು. 1889ರ ಮೇ ತಿಂಗಳಲ್ಲಿ ಜಪಾನಿನ ಶಿಕ್ಷಣಸಂಘದ ಮುಂದೆ ಉಪನ್ಯಾಸಮಾಡಿ, ಜುಡೋವಿಗೆ ದೇಹಶಿಕ್ಷಣ, ಜಯಾಪಜಯದ ಕೌಶಲ, ಶೀಲಶಿಕ್ಷಣ ಎಂಬ ಮೂರು ಪ್ರಯೋಜನಗಳನ್ನು ಪ್ರತಿಪಾದಿಸಿದನು. ಅದೇ ವರ್ಷ ಯೂರೋಪಿಗೆ ಹೋಗಿ ಅಲ್ಲಿಯ ಶಿಕ್ಷಣಪದ್ಧತಿಗಳನ್ನು ನೋಡಿ 1891ರಲ್ಲಿ ಹಿಂದಿರುಗಿದನು. ಬಳಿಕ ಕುಮಾಮೊತೊ ನಗರದ ಉನ್ನತ ಶಾಲೆಗೆ ಮುಖ್ಯಾಧ್ಯಾಪಕನಾದನು. ಅಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಲಫ್ಕಾಡಿಯೊ ಹರ್ನ್ ಎಂಬ ಸಾಹಿತಿಯು ಈ ವಿದ್ಯೆಯನ್ನು ಕುರಿತು ಪ್ರಬಂಧವೊಂದನ್ನು ಬರೆದು 1895ರ ತನ್ನ ಗ್ರಂಥದಲ್ಲಿ ಪ್ರಕಟಿಸಲು, ಪಾಶ್ಚಾತ್ಯ ವಾಚಕರಿಗೆ ಜುಜುತ್ಸು ಎಂಬ ಹೆಸರು ಪರಿಚಿತವಾಯಿತು. 1893ರಿಂದ 1920ರವರೆಗೆ, ನಡುವೆ ಬಿಡುವಿದ್ದರೂ ಒಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷ, ಟೋಕಿಯೋ ಉನ್ನತ ನಾರ್ಮಲ್ ಶಾಲೆಯ ಮುಖ್ಯಸ್ಥನಾಗಿ ಈತನು ದೇಶದ ಉಪಾಧ್ಯಾಯರನ್ನು ತಯಾರಿಸಿದನು. ಇಲ್ಲಿ ಕಲಿತವರು ಪ್ರಾಂತಪ್ರಾಂತಗಳ ಶಾಲೆಗಳಿಗೆ ಜುಡೋವನ್ನೂ ಒಯ್ದರು. ಚೀನೀ ವಿದ್ಯಾರ್ಥಿಗಳಿಗಾಗಿ ಈತನು 1902ರಲ್ಲಿ ನಡೆಯಿಸಿದ ಕೋಬುನ್ ವಿದ್ಯಾಲಯದಲ್ಲಿ, ಮುಂದೆ ಆಧುನಿಕ ಚೀನೀ ಸಾಹಿತ್ಯದ ಪ್ರವರ್ತಕನಾದ ಲೂ ಷುನ್ ಜಪಾನೀ ಭಾಷೆಯನ್ನು ಕಲಿತನು. ಅರಸರ ಆಶ್ರಯವಳಿದ ವಿದ್ಯೆಗೆ ಉಪಾಧ್ಯಾಯರೇ ಆಶ್ರಯವಾದರೆಂಬುದು ಇಡೀ ಚರಿತ್ರೆಯ ತಿರುಳು.

ಸ್ತ್ರೀಯರಿಗೂ ಈತನು 1893ರಿಂದಲೇ ತನ್ನ ಮನೆಯಲ್ಲಿ ಪಾಠಹೇಳತೊಡಗಿದನು. 1926ರಲ್ಲಿ ಕೊಡೊಕಾನಿನಲ್ಲಿ ಸ್ತ್ರೀವಿಭಾಗವು ಸ್ಥಾಪಿತವಾಯಿತು. ಭಾರತಕ್ಕೂ ಈ ವಿದ್ಯೆಯ ಸಂಬಂಧವುಂಟು. ರವೀಂದ್ರನಾಥ ಠಾಕೂರರ ಅಪೇಕ್ಷೆಯಂತೆ ಕೊಡೊಕಾನಿನ ತಾಕಾಗಾಕಿ ಷಿಂಜೊ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು, ಅಲ್ಲಿಯ ಹುಡುಗರಿಗೂ ಹುಡುಗಿಯರಿಗೂ ಸುಮಾರು ಎರಡು ವರ್ಷ ಕಲಿಸಿದನು.

ಇನ್ನು ನಷ್ಟದ ವಿಚಾರ. ಕೊಡೊಕಾನ್ ಬೆಳೆದಂತೆ ಹಳೆಯ ಪರಂಪರೆಗಳು ಸೊರಗಿದುವು. ಸೆಣಸಾಟದಲ್ಲಿ ಗೆದ್ದ ಪ್ರಯೋಗಗಳು ಎಲ್ಲೆಡೆಯೂ ಹರಡಿದುವು. ಸೆಣಸಾಟಕ್ಕೆ ಒಗ್ಗದ ಸೂಕ್ಷ್ಮಗಳು ಮುದುಕರೊಡನೆ ಮುಗಿದುವು. ಕಾನೊ ಇದನ್ನು ಅರಿಯದವನಲ್ಲ. 1906ರಲ್ಲಿ ಕ್ಯೋಟೋ ನಗರದಲ್ಲಿ ಕಾತಗಳನ್ನು ನಿರ್ಣಯಿಸಲು ಕೂಡಿದ ಸಮಿತಿಗೆ ಈತನೇ ಅಧ್ಯಕ್ಷ. ಅದರಲ್ಲಿ ಹಿಂದಿನ ಪ್ರತಿಸ್ಪರ್ಧಿಯಾದ ತೊತ್ಸುಕನ ಮನೆತನದವನೂ, ಇತರ ಪರಂಪರೆಗಳ ಆಚಾರ್ಯರೂ ಕುಳಿತಿದ್ದರು. 1928ರಲ್ಲಿ ಕೊಡೊಕಾನಿನಲ್ಲಿಯೇ ಪ್ರಾಚೀನ ಯುದ್ಧವಿದ್ಯೆಗಳ ಸಂಶೋಧನಾಮಂಡಲಿಯನ್ನು ಏರ್ಪಡಿಸಿ, ಹಳೆಯ ಪರಂಪರೆಗಳ ಗುರುಗಳನ್ನು ಅಲ್ಲಿಗೆ ಕರೆಯಿಸಿದನು. 1930ರಲ್ಲಿ, ಮುಂದೆ ಐಕಿಡೋ ಎಂದು ಹೆಸರಾದ ವಿದ್ಯೆಯ ಉಯೆಷಿಬ ಮೊರಿಹೆಯಿಯನ್ನು ತಾನೇ ಹೋಗಿ ಕಂಡು, ತನ್ನ ಶಿಷ್ಯರನ್ನು ಆತನ ಬಳಿಗೆ ಕಲಿಯಲು ಕಳುಹಿಸಿದನು. ಎಪ್ಪತ್ತರ ಹತ್ತಿರದ ಆಚಾರ್ಯನು ತನ್ನ ಶಾಲೆಯಲ್ಲಿಲ್ಲದುದು ಇತರರಲ್ಲಿದೆಯೆಂದು ಒಪ್ಪಿ ಹೀಗೆ ನಡೆದುದು ಸಾಮಾನ್ಯವಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಪಂದ್ಯವು ಸಾಧನ, ಶಿಕ್ಷಣವು ಸಾಧ್ಯ ಎಂದು ಈತನು ಎಷ್ಟು ಬೋಧಿಸಿದರೂ, ಕಿರಿಯರ ಕಣ್ಣು ಪಂದ್ಯದ ಮೇಲೆಯೇ ಇತ್ತು. ಪರೀಕ್ಷೆಗಾಗಿ ಕಾವ್ಯವನ್ನು ಓದುವ ವಿದ್ಯಾರ್ಥಿಗಳನ್ನು ಕಂಡ ಅಧ್ಯಾಪಕರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

1909ರಲ್ಲಿ ಈತನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯನಾದನು. ಏಷ್ಯದಿಂದ ಅಲ್ಲಿಗೆ ಹೋದವರಲ್ಲಿ ಈತನೇ ಮೊದಲಿಗ. 1912ರಲ್ಲಿ ಇಬ್ಬರೇ ಓಟಗಾರರನ್ನು ಕರೆದುಕೊಂಡು ಸ್ಟಾಕ್‌ಹೋಮಿನ ಕ್ರೀಡಾಕೂಟಕ್ಕೆ ಹೋದನು. 1940ರ ಕೂಟವು ಟೋಕಿಯೋ ನಗರದಲ್ಲಿ ನಡೆಯಬೇಕೆಂದು 1936ರಲ್ಲಿ ನಿರ್ಣಯವಾಯಿತು. ಅದನ್ನು ಉಳಿಸಿಕೊಳ್ಳುವುದಕ್ಕಾಗಿ 1938ರಲ್ಲಿ ಕೈರೋ ನಗರದ ಸಭೆಗೆ ಹೋಗಿ, ಅಮೆರಿಕದ ಮಾರ್ಗವಾಗಿ ‘ಹಿಕಾವ ಮಾರು’ ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ, ಮೇ 4ರಂದು ಶ್ವಾಸಕೋಶದ ಉರಿಯೂತದಿಂದ ಸಮುದ್ರಮಧ್ಯದಲ್ಲಿಯೇ ತೀರಿಕೊಂಡನು. ಆಗ ಈತನಿಗೆ ಎಪ್ಪತ್ತೇಳು ವರ್ಷ. ಎರಡು ತಿಂಗಳಲ್ಲಿ ಜಪಾನ್ ಸರ್ಕಾರವು ಆ ಕೂಟವನ್ನು ಬಿಟ್ಟುಕೊಟ್ಟಿತು. 1945ರ ಪರಾಜಯದ ಬಳಿಕ ಶಾಲೆಗಳಲ್ಲಿ ಜುಡೋ ನಿಷಿದ್ಧವಾಗಿ, 1950ರಲ್ಲಿ ಮತ್ತೆ ಅನುಮತಿಯನ್ನು ಪಡೆಯಿತು. 1964ರಲ್ಲಿ ಟೋಕಿಯೋ ನಗರದ ಒಲಿಂಪಿಕ್ ಕೂಟದಲ್ಲಿ ಪುರುಷರ ಜುಡೋ ಸೇರಿತು. 1992ರಲ್ಲಿ ಬಾರ್ಸೆಲೋನದಲ್ಲಿ ಸ್ತ್ರೀಯರಿಗೂ ಪದಕಗಳು ಏರ್ಪಟ್ಟುವು. ಹನ್ನೆರಡು ಚಾಪೆಗಳ ಶಾಲೆಯು ಈತನು ಬದುಕಿರುವಾಗಲೇ, 1934ರಲ್ಲಿ, ಐನೂರಕ್ಕೂ ಹೆಚ್ಚು ಚಾಪೆಗಳ ಮಂದಿರವಾಗಿತ್ತು.

ವಿಸ್ತಾರದಿಂದ ಮಾತ್ರ ಆಚಾರ್ಯನನ್ನು ಅಳೆಯುವುದು ಸಾಧುವಲ್ಲ. ಕಾನೊ ಮೂವರು ಗುರುಗಳಿಂದ ಪಡೆದುದನ್ನು ಜರಡಿಹಿಡಿದು, ಬೆರೆಸಿ, ಹೆಸರನ್ನೂ ಪಾಠಕ್ರಮವನ್ನೂ ಬದಲಾಯಿಸಿದವನು. ಆದರೆ ಈಕುಬೊವಿನಿಂದ ಬಂದ ಕಿತೊ ಪರಂಪರೆಯ ಕಾತವೊಂದನ್ನು ಮಾತ್ರ, ‘ಕೊಷಿಕಿ ನೊ ಕಾತ’ ಎಂದರೆ ಪ್ರಾಚೀನ ಕ್ರಮವೆಂಬ ಹೆಸರಿನಿಂದ, ಹೆಚ್ಚೇನೂ ತಿದ್ದದೆ ಇಟ್ಟುಕೊಂಡನು. ಅದು ಕವಚವನ್ನು ತೊಟ್ಟ ಯೋಧರಿಗಾಗಿ ಹುಟ್ಟಿದುದು. ಅಂಗಿ ತೊಟ್ಟು ಸೆಣಸುವ ಕಾಲದಲ್ಲಿ ಅದರಿಂದ ಯಾವ ಪಂದ್ಯವನ್ನೂ ಗೆಲ್ಲಲಾಗುವುದಿಲ್ಲ. ಹಾಗಿದ್ದರೂ, ಎಲ್ಲ ಪ್ರಯೋಗಗಳಿಗೂ ಬುಡವಾದ ತತ್ತ್ವವು ಅಲ್ಲಿ ನಿರ್ಮಲವಾಗಿ ಕಾಣುತ್ತದೆಂದು ಈತನು ಬಗೆದನು. 1929ರಲ್ಲಿ ಚಕ್ರವರ್ತಿಯ ಸಮ್ಮುಖದಲ್ಲಿ ತನ್ನ ವಿದ್ಯೆಯನ್ನು ತೋರಿಸುವ ಸಂದರ್ಭವು ಒದಗಿದಾಗ, ಅರುವತ್ತೆಂಟು ವರ್ಷದ ಕಾನೊ ತಾನು ರಚಿಸಿದ ಕಾತಗಳನ್ನು ಬಿಟ್ಟು, ಹಳೆಯ ಶಿಷ್ಯನಾದ ಯಾಮಾಷಿತ ಯೊಷಿತ್ಸುಗುವನ್ನು ಜೊತೆಗಿಟ್ಟುಕೊಂಡು, ಗುರುವಿನಿಂದ ಬಂದ ಆ ಪ್ರಾಚೀನ ಕ್ರಮವನ್ನೇ ತೋರಿಸಿದನು.